ನಿಂಬೆ ಸೋಪಿಗೆ ಮ್ಯಾಕೋ, ಪಿಸಿಯೋ?

ಕಲಾವಿದನ ಕಂಪ್ಯೂಟರು ಪ್ರಾಣ ಬಿಟ್ಟಿದ್ದು ಒಂದು ನಿಂಬೆಹಣ್ಣಿನ ನಟ್ಟನಡುವೆ. ಅರ್ಧ ಹಣ್ಣಿಗೆ ಹಳದಿ ತುಂಬಿ, ಇನ್ನರ್ಧಕ್ಕೆ ಕೈ ಹಾಕುವಷ್ಟರಲ್ಲಿ ಪರದೆ ಒಮ್ಮೆ ಕಣ್ಣು ಮಿಟುಕಿಸಿತು, ಕಪ್ಪಾಯಿತು. ಮೇಜಿನ ಕೆಳಗಿನ ಡಬ್ಬದಿಂದ ಸುಟ್ಟ ವಾಸನೆ ಬಂತು.

ಅವನ ಕಸುಬು ಪೊಟ್ಟಣ, ಡಬ್ಬಿ, ಬಾಟಲಿಗಳ ಮೇಲಿನ ಚಿತ್ರ ಮಾಡುವುದು. ಅದಕ್ಕೆ ಗ್ರಾಫಿಕ್ ಡಿಸೈನ್ ಎಂಬ ಗಂಭೀರ ಹೆಸರಿದ್ದರೂ ಹೆಂಡತಿ ಅವನನ್ನು ‘ಕಲಾವಿದರು’ ಎಂದೇ ಕರೆಯುತ್ತಿದ್ದಳು. (ಗೌರವದಿಂದೇನೂ ಅಲ್ಲ. ಕಸದ ಬುಟ್ಟಿ ಹೊರಗಿಡಲು ಮರೆತ ದಿನ ಅದರ ಮೊದಲಿಗೆ ‘ಮಹಾ’ ಕೂಡ ಸೇರಿಕೊಳ್ಳುತ್ತಿತ್ತು.) ಜಾಹೀರಾತು ಕಂಪನಿಯ ಕೆಲಸ ಬಿಟ್ಟು, ಮನೆಯಲ್ಲೇ ಸ್ವತಂತ್ರವಾಗಿ ಶುರುಮಾಡಿದ ಮೇಲೆ ಅವನಿಗೆ ಸಿಕ್ಕ ಮೊದಲ ದೊಡ್ಡ ಗಿರಾಕಿ ಒಬ್ಬ ಸೋಪು ತಯಾರಿಸುವ ಹೆಂಗಸು. ಮನೆಯಲ್ಲಿ ಎಲ್ಲರ ಬಾಯಲ್ಲಿ ಆಕೆ ಸೋಪಿನಮ್ಮ. ನಿಂಬೆ ಸೋಪಿನ ಹೊದಿಕೆ ಆಕೆಗೆ ಒಪ್ಪಿಗೆಯಾದರೆ ಗುಲಾಬಿ, ಮಲ್ಲಿಗೆ, ಪುದೀನ ಎಲ್ಲವೂ ಇವನಿಗೇ. ಒಪ್ಪಿಗೆಯಾಗದಿದ್ದರೆ ಮತ್ತೆ ಹಳೆಯ ಕಂಪನಿಯ ಬಾಗಿಲು ತಟ್ಟಬೇಕು.

“ಹೋಗಿದ್ದು ಹೋಯ್ತು. ಇವತ್ತೇ ಒಂದು ಹೊಸದು ತನ್ನಿ,” ಎಂದಳು ಹೆಂಡತಿ.

ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ ಕಲಾವಿದನಿಗೆ ಹುಟ್ಟಿನಿಂದ ಅಂಟಿದ ರೋಗ ಕುತೂಹಲ. ನೀರಿನ ಬಾಟಲಿ ಕೊಳ್ಳಲು ಹೋದರೂ ಮುಚ್ಚಳ ಎಡಕ್ಕೆ ತಿರುಗುವುದೇಕೆ ಎಂದು ವಿಚಾರಿಸಿಕೊಂಡು ಬಾಟಲಿ ಮರೆತು ಬರುವ ಜಾತಿ. ಕೊಳ್ಳುವುದು ಆಪಲ್ ಕಂಪನಿಯ ಮ್ಯಾಕೋ, ಮಾಮೂಲಿ ವಿಂಡೋಸ್ ಪಿಸಿಯೋ ಎಂಬ ಪ್ರಶ್ನೆ ಸಿಕ್ಕ ಕೂಡಲೇ ಅವನ ಮುಖ ಅರಳಿತು.

“ಅವಸರ ಮಾಡಬಾರದು ಕಣೇ. ಇದು ಮೂಲಭೂತ ಪ್ರಶ್ನೆ. ಸಂಶೋಧನೆ ಆಗಬೇಕು.”

“ಸೋಪಿನಮ್ಮ ಶುಕ್ರವಾರ ಬರ್ತಾರೆ. ನೆನಪಿರಲಿ,” ಎಂದು ಹೆಂಡತಿ ಕೆಲಸಕ್ಕೆ ಹೊರಟಳು. ಆಕೆಯ ಕೆಲಸ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು.

ಸಂಶೋಧನೆ ಎರಡು ಫೋನ್ ಕರೆಗಳಿಂದ ಶುರುವಾಯಿತು. ಮೊದಲನೆಯದು ಫೋಟೋಗ್ರಾಫರ್ ಗೆಳೆಯನಿಗೆ.

“ಇದೂ ಒಂದು ಪ್ರಶ್ನೆಯೇನೋ?” ಎಂದ ಅವನು. “ಮ್ಯಾಕ್ ಬಿಟ್ಟು ಬೇರೆದರಲ್ಲಿ ಬಣ್ಣದ ಕೆಲಸ ಮಾಡೋನು, ಕೈಗವಸು ಹಾಕ್ಕೊಂಡು ವೀಣೆ ಬಾರಿಸೋನು, ಇಬ್ಬರೂ ಒಂದೇ ಕಣೋ.”

ಎರಡನೆಯದು ಹೆಂಡತಿಯ ತಮ್ಮನಿಗೆ. ಅವನು ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಡುವವನು.

“ಭಾವ, ಮ್ಯಾಕ್ ತಗೊಂಡ್ರೆ ಅದು ಹೇಳಿದಂಗೆ ನೀವು ಕೇಳ್ಬೇಕು. ಪಿಸಿ ಆದ್ರೆ ಬಿಚ್ಚಿ, ಜೋಡಿಸಿ, ಹಾಳು ಮಾಡಿ, ಎಲ್ಲಾ ನಿಮ್ಮಿಷ್ಟ. ಸ್ವಾತಂತ್ರ್ಯ ಭಾವ, ಸ್ವಾತಂತ್ರ್ಯ!”

ಮಾತಿನಲ್ಲಿ ತೀರ್ಮಾನವಾಗದೆ ಇಬ್ಬರೂ ಕೆಲವು ದಿನಕ್ಕೆಂದು ತಮ್ಮ ತಮ್ಮ ಯಂತ್ರಗಳನ್ನೇ ಹೊತ್ತು ತಂದರು. ಗೆಳೆಯ ತನ್ನ ಮ್ಯಾಕನ್ನು ಹಸುಗೂಸಿನಂತೆ ಬೆಡ್‌ಶೀಟಿನಲ್ಲಿ ಸುತ್ತಿ ತಂದ. ಭಾವಮೈದುನ ತನ್ನ ಪಿಸಿಯನ್ನು ಹೆಗಲ ಮೇಲೆ, ಅದರ ಪರದೆಯನ್ನು ಕಂಕುಳಲ್ಲಿ ತಂದ. ಅದರ ಕರಿಯ ಡಬ್ಬದೊಳಗೆ ಬಣ್ಣಬಣ್ಣದ ದೀಪ ಹೊತ್ತಿಕೊಂಡು, ಫ್ಯಾನು ಗುಂಯ್‌ಗುಟ್ಟಿ, ಇನ್ನೇನು ಹಾರುತ್ತದೆ ಎನಿಸುತ್ತಿತ್ತು. ಎರಡೂ ಊಟದ ಮೇಜಿನ ಮೇಲೆ ಪ್ರತಿಷ್ಠಾಪನೆಗೊಂಡವು. ಗಂಡಹೆಂಡಿರ ಊಟ ತೊಡೆಯ ಮೇಲಿನ ತಟ್ಟೆಗೆ ಗಡೀಪಾರಾಯಿತು.

ಕಲಾವಿದನ ಆನಂದಕ್ಕೆ ಪಾರವಿಲ್ಲ. ಒಂದೇ ನಿಂಬೆಹಣ್ಣನ್ನು ಅದರಲ್ಲೊಮ್ಮೆ ಇದರಲ್ಲೊಮ್ಮೆ ಮಾಡಿದ. ಪರದೆಯ ಮೇಲಿನ ಕಿಟಕಿ ಮುಚ್ಚುವ ಗುಂಡಿ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಒಂದರಲ್ಲಿ ನಕಲು ಮಾಡಲು ಕಂಟ್ರೋಲ್ ಒತ್ತಬೇಕು, ಇನ್ನೊಂದರಲ್ಲಿ ಕಮಾಂಡ್. ಬೆರಳುಗಳಿಗೆ ದಿಕ್ಕು ತಪ್ಪಿತು.

“ಕಂಟ್ರೋಲ್ ಎಲ್ಲಿ ಹೋಯ್ತು ಇಲ್ಲಿ?” ಎಂದು ಕೂಗಿದ.

“ಈ ಮನೇಲಿ ಕಂಟ್ರೋಲ್ ನನ್ನ ಹತ್ರ ಇದೆ,” ಅಡುಗೆಮನೆಯಿಂದ ಉತ್ತರ ಬಂತು. “ಕಮಾಂಡೂ ನನ್ನ ಹತ್ರಾನೇ. ನಿಮಗೆ ಉಳಿದಿರೋದು ಎಸ್ಕೇಪ್ ಒಂದೇ.”

ಬುಧವಾರದ ಹೊತ್ತಿಗೆ ಅವನಿಗೆ ಒಂದು ಜ್ಞಾನೋದಯವಾಯಿತು. ಎರಡರ ಹಳದಿಯೂ ಒಂದೇ ಅಲ್ಲ! “ನೋಡೇ, ಮ್ಯಾಕ್‌ದು ಹಳದಿ ಅಲ್ಲ, ನಿಂಬೆಹಣ್ಣಿನ ಆತ್ಮ. ಪಿಸಿದು ಬರೀ ಸಿಪ್ಪೆ.”

“ಭಾವ, ಅನ್ಯಾಯ!” ಎಂದ ಭಾವಮೈದುನ. ಯಂತ್ರದ ಯೋಗಕ್ಷೇಮ ನೋಡುವ ನೆಪದಲ್ಲಿ ಅವನು ದಿನವೂ ಊಟದ ಹೊತ್ತಿಗೇ ಬರುತ್ತಿದ್ದ.

ಹೆಂಡತಿ ಎರಡು ಪರದೆಗಳನ್ನೂ ನೋಡಿದಳು, ಗಂಡನ ಮುಖವನ್ನೂ ನೋಡಿದಳು. “ಸರಿ, ಪರೀಕ್ಷೆ ಮಾಡೇ ಬಿಡೋಣ. ಕಣ್ಣಿನ ವಿಷಯ ತಾನೇ? ನನ್ನ ಇಲಾಖೆ.”

ಮರುದಿನ ಅಂಗಡಿಯಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದು, ಮುಂಭಾಗದಲ್ಲಿ ಚೌಕವಾಗಿ ಒಂದು ತೂತು ಕೊರೆದಳು. ಹಿಂದೆ ಯಾವ ಯಂತ್ರವಿದೆ ಎಂದು ಗೊತ್ತಾಗಬಾರದು, ತೂತಿನಲ್ಲಿ ನಿಂಬೆಹಣ್ಣು ಮಾತ್ರ ಕಾಣಬೇಕು. ಕಲಾವಿದ ಕುರ್ಚಿಯಲ್ಲಿ ನೆಟ್ಟಗೆ ಕುಳಿತ.

“ಇದು ಒಂದನೇದು. ಚೆನ್ನಾಗಿ ನೋಡ್ಕೊಳಿ,” ಎಂದಳು ತನ್ನ ಅಂಗಡಿಯ ದನಿಯಲ್ಲಿ. “ಈಗ ಕಣ್ಣು ಮುಚ್ಚಿ.”

ಯಂತ್ರ ಎಳೆದ ಸದ್ದು, ವೈರು ಕೀಳುವ ಸದ್ದು, ಭಾವಮೈದುನನ ಏದುಸಿರು.

“ಕಣ್ಣು ಬಿಡಿ. ಇದು ಎರಡನೇದು. ಯಾವುದು ವಾಸಿ?”

“ಇದರಲ್ಲಿ ಅನುಮಾನವೇ ಬೇಡ!” ಕಲಾವಿದ ಎದ್ದೇ ನಿಂತ. “ಒಂದನೇದು ಮಂಕು. ಬಾಡಿದ ಹಣ್ಣು. ಎರಡನೇದರಲ್ಲಿ ಪ್ರಾಣ ಇದೆ, ರಸ ಇದೆ, ಸಿಪ್ಪೆಯ ಒಂದೊಂದು ರಂಧ್ರವೂ ಉಸಿರಾಡ್ತಿದೆ. ಎರಡನೇದು ಮ್ಯಾಕ್. ಬರೆದು ಕೊಡ್ತೀನಿ.”

ಹೆಂಡತಿ ಪೆಟ್ಟಿಗೆ ಎತ್ತಿದಳು. ಅದು ಮ್ಯಾಕೇ. ಕಲಾವಿದ ಗೆದ್ದವನಂತೆ ಎದೆಯುಬ್ಬಿಸಿದ.

“ಒಂದನೇದೂ ಅದೇ,” ಎಂದಳು ಅವಳು ತಣ್ಣಗೆ.

“ಅಂದ್ರೆ?”

“ಬದಲಾಯಿಸ್ಲೇ ಇಲ್ಲ ಭಾವ,” ಎಂದ ಭಾವಮೈದುನ, ನಗು ತಡೆಯಲಾಗದೆ. “ನಾನು ಬರೀ ಕುರ್ಚಿ ಎಳೆದೆ, ಏದುಸಿರು ಬಿಟ್ಟೆ. ಅಕ್ಕ ಹೇಳಿಕೊಟ್ಟಿದ್ದು.”

“ನನ್ನ ಹತ್ರ ಬರೋರಿಗೂ ಒಂದೇ ಗಾಜನ್ನ ಎರಡು ಸಲ ತೋರಿಸ್ತಿರ್ತೀನಿ ರೀ. ‘ಎರಡನೇದು ಎಷ್ಟೋ ವಾಸಿ’ ಅಂತ ಆಣೆ ಮಾಡಿ ಹೇಳೋರು ಬೇಕಾದಷ್ಟು ಜನ. ಬೇಜಾರು ಮಾಡ್ಕೋಬೇಡಿ.”

ಕಲಾವಿದ ಬೇಜಾರು ಮಾಡಿಕೊಂಡ. ಆದರೆ ಅದು ಮುನಿಸಲ್ಲ, ಆಶ್ಚರ್ಯ. ರಂಧ್ರಗಳು ಉಸಿರಾಡಿದ್ದನ್ನು ಅವನು ನಿಜವಾಗಿಯೂ ಕಂಡಿದ್ದ. ಹಾಗಾದರೆ ತಾನು ಇಷ್ಟು ವರ್ಷ ನೋಡಿದ್ದರಲ್ಲಿ ಕಣ್ಣು ನೋಡಿದ್ದೆಷ್ಟು, ಮನಸ್ಸು ಬರೆದುಕೊಂಡದ್ದೆಷ್ಟು? ಈ ಪ್ರಶ್ನೆ ಮ್ಯಾಕು ಪಿಸಿಗಿಂತ ರುಚಿಯಾಗಿತ್ತು. ಅದನ್ನೇ ಚಪ್ಪರಿಸುತ್ತ ಕುಳಿತವನಿಗೆ ಶುಕ್ರವಾರ ಬಂದದ್ದೇ ತಿಳಿಯಲಿಲ್ಲ.

ಸೋಪಿನಮ್ಮ ಕೈಚೀಲ ಹಿಡಿದು ಒಳಗೆ ಬಂದರು. ಗೆಳೆಯ, ಭಾವಮೈದುನ ಇಬ್ಬರೂ ತಂತಮ್ಮ ಯಂತ್ರದ ಪಕ್ಕದಲ್ಲಿ ವಧೂವರರ ಕಡೆಯವರಂತೆ ನಿಂತಿದ್ದರು. ಕಲಾವಿದ ಎರಡು ಪರದೆಗಳಲ್ಲಿ ಎರಡು ನಿಂಬೆಹಣ್ಣು ತೋರಿಸಿ, ಹಳದಿಯ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟ.

ಆಕೆ ತಾಳ್ಮೆಯಿಂದ ಕೇಳಿದರು. ಆಮೇಲೆ, “ಸೋಪನ್ನ ಈ ಗಾಜಿನಲ್ಲಿ ಸುತ್ತಕ್ಕಾಗಲ್ಲ ಅಲ್ವಾ ಸರ್? ಕಾಗದದಲ್ಲಿ ತಾನೇ ಸುತ್ತೋದು?” ಎನ್ನುತ್ತ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಒರಟಾದ, ಕಂದು ಬಣ್ಣದ ಕಾಗದ. “ಇದರ ಮೇಲೆ ಕಪ್ಪು ಶಾಯಿ ಒಂದೇ. ಬೇರೆ ಬಣ್ಣ ಬೇಡ. ಮೊದಲ ದಿನಾನೇ ಹೇಳೋಣ ಅಂತಿದ್ದೆ. ನೀವು ಬಣ್ಣದ ವಿಷಯ ಎಷ್ಟು ಚೆನ್ನಾಗಿ ಮಾತಾಡ್ತಿದ್ರಿ ಅಂದ್ರೆ, ಮಧ್ಯ ಬಾಯಿ ಹಾಕಕ್ಕೆ ಮನಸ್ಸಾಗ್ಲಿಲ್ಲ.”

ಗೆಳೆಯ, ಭಾವಮೈದುನ ಇಬ್ಬರೂ ಹಾಳೆಯತ್ತ ಬಾಗಿದರು. ಹಳದಿಯೇ ಇಲ್ಲದ ನಿಂಬೆ!

ಹೆಂಡತಿ ಬಾಗಿಲ ಬಳಿಯಿಂದ ಒಂದು ಹೆಜ್ಜೆ ಮುಂದೆ ಬಂದಳು. ತಮಾಷೆ ಮಾಡುತ್ತಿದ್ದರೂ ಗಂಡನ ಈ ಕೆಲಸ ಕೈತಪ್ಪಿದರೆ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಕಲಾವಿದ ಹಾಳೆಯನ್ನು ಬೆರಳಿಂದ ಸವರಿದ. ಬೆಳಕಿಗೆ ಹಿಡಿದ. “ಅರೆ, ಇದರ ಮೇಲೆ ಕಪ್ಪು ಹೇಗೆ ಕೂರುತ್ತೆ?” ಎಂದ. ಅವನ ಮುಖ ಮತ್ತೆ ಅರಳಿತ್ತು. “ಒಂದು ಅರ್ಧ ಗಂಟೆ ಕೂತ್ಕೋತೀರಾ ಮೇಡಂ?”

ಕುರ್ಚಿ ಎಳೆದುಕೊಂಡು ಹತ್ತಿರದ ಪರದೆಯ ಮುಂದೆ ಕುಳಿತ. ಕೊಯ್ದ ನಿಂಬೆಯ ಒಂದು ಹೋಳು, ಅಷ್ಟೇ. ತೊಳೆಗಳಿಗೆ ದಪ್ಪ ಕಪ್ಪು ಗೆರೆ, ನಡುವೆ ಕಾಗದವೇ ಹಣ್ಣು. ಅಂಚಿನಿಂದ ಜಾರಿದ ಒಂದು ಹನಿ. ಹನಿಯೊಳಗೆ ಸೋಪಿನ ಹೆಸರು. ಅತ್ತ ಗೆಳೆಯ, ಭಾವಮೈದುನರ ಜಗಳ ಮತ್ತೆ ಶುರುವಾಯಿತು. ಅವನ ಕಿವಿಗೆ ಅದು ಬೀಳಲೇ ಇಲ್ಲ. ಕೊನೆಗೆ ಆ ಕಂದು ಹಾಳೆಯ ಮೇಲೇ ಪ್ರಿಂಟು ತೆಗೆದು, ಜೇಬಿನಲ್ಲಿದ್ದ ಅಳಿಸುವ ರಬ್ಬರನ್ನೇ ಸೋಪೆಂದು ಸುತ್ತಿ ಆಕೆಯ ಅಂಗೈಯಲ್ಲಿಟ್ಟ.

ಸೋಪಿನಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಗೊತ್ತಿಲ್ಲದೆ ಮೂಗಿನ ಬಳಿಗೂ ಒಯ್ದರು. ಆಮೇಲೆ ತಮಗೇ ನಗು ಬಂದು, “ಗುಲಾಬಿ ಯಾವಾಗ ಶುರು ಮಾಡ್ತೀರಾ?” ಎಂದರು.

ಆ ಸಂಭ್ರಮದಲ್ಲಿ ಎಲ್ಲರೂ ಎದ್ದರು. ಗೆಳೆಯನಿಗೆ ಫೋಟೋ ತೆಗೆಯಲು ಹೋಗಬೇಕಿತ್ತು, ಮ್ಯಾಕನ್ನು ಸುತ್ತಿಕೊಂಡು ಹೊರಟ. ಭಾವಮೈದುನ ಪಿಸಿಯನ್ನು ಹೆಗಲಿಗೇರಿಸಿದ. ಊಟದ ಮೇಜು ಮತ್ತೆ ಊಟದ ಮೇಜಾಯಿತು.

ಮರುದಿನ ಬೆಳಗ್ಗೆ ಸೋಪಿನಮ್ಮನ ಫೋನು: “ಸರ್, ಫೈಲು ಪ್ರೆಸ್ಸಿಗೆ ಕಳಿಸಿಬಿಡಿ.”

“ಈಗಲೇ ಕಳಿಸ್ತೀನಿ ಮೇಡಂ,” ಎಂದು ಫೋನಿಟ್ಟ ಕಲಾವಿದ ಖಾಲಿ ಊಟದ ಮೇಜು ನೋಡಿ ಹಣೆ ಚಚ್ಚಿಕೊಂಡ.

“ಏನಾಯ್ತು?” ಎಂದಳು ಹೆಂಡತಿ.

“ಫೈಲು...”

“ಯಾವುದರಲ್ಲಿ ಮಾಡಿದ್ರಿ? ಮ್ಯಾಕೋ ಪಿಸಿಯೋ?”

ಕಲಾವಿದ ನೆಲ ನೋಡಿದ, ಸೂರು ನೋಡಿದ. “ಗಮನಿಸ್ಲಿಲ್ಲ.”

ಹೆಂಡತಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. “ಒಂದು ವಾರ ತೊಡೆ ಮೇಲೆ ತಟ್ಟೆ ಇಟ್ಕೊಂಡು ಉಂಡಿದ್ದೀನಿ ರೀ. ಗಮನಿಸ್ಲಿಲ್ವಾ?”

“ಬೆರಳಿಗೆ ಗೊತ್ತಿತ್ತೋ ಏನೋ. ನನಗಂತೂ ಗೊತ್ತಾಗ್ಲಿಲ್ಲ.”

ಇಬ್ಬರಿಗೂ ಫೋನು ಹೋಯಿತು. “ನನ್ನದರಲ್ಲೇ ಮಾಡಿದ್ದು! ಆ ಗೆರೆಯ ನಯ ನೋಡಿದ್ರೇ ಗೊತ್ತಾಗಲ್ವೇನೋ?” ಎಂದ ಗೆಳೆಯ. “ನಂದರಲ್ಲೇ ಭಾವ, ಆ ಗೆರೆಯ ಧೈರ್ಯ ನೋಡಿ!” ಎಂದ ಭಾವಮೈದುನ. ಹುಡುಕಿ ನೋಡಿ ಎಂದರೆ ಇಬ್ಬರಿಗೂ ಅವಮಾನ. ಕೊನೆಗೆ ಹೆಂಡತಿಯೇ ಫೋನು ಕಸಿದು ತೀರ್ಪು ಕೊಟ್ಟಳು: “ಯಾವುದರಲ್ಲಿ ಸಿಗುತ್ತೋ ಅದನ್ನೇ ಕೊಳ್ಳೋದು. ಚರ್ಚೆ ಮುಗೀತು.”

ಮಧ್ಯಾಹ್ನ ಫೈಲು ಭಾವಮೈದುನನ ಪಿಸಿಯಲ್ಲಿ, ‘ಕೊನೆಯದು, ಇದೇ ಕೊನೆಯದು, ದೇವರಾಣೆ ಕೊನೆಯದು’ ಎಂಬ ಹೆಸರಿನಲ್ಲಿ ಸಿಕ್ಕಿತು. “ನನ್ನ ಮ್ಯಾಕ್‌ನಲ್ಲಿ ಕಲಿತದ್ದನ್ನ ಅದರಲ್ಲಿ ಮಾಡಿದ್ದಾನೆ,” ಎಂದು ಗೆಳೆಯ ಸಮಾಧಾನ ಹೇಳಿಕೊಂಡ.

ಸಂಜೆ ಹೆಂಡತಿ ಗಂಡನ ರಟ್ಟೆ ಹಿಡಿದೇ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದಳು. ಪಿಸಿಯ ಡಬ್ಬ ಆರಿಸಿದ್ದಾಯಿತು. “ಸ್ಕ್ರೀನ್ ಯಾವುದು ಸರ್? ನಮ್ಮಲ್ಲಿ ಬೇಕಾದಷ್ಟು ಬಗೆ ಇದೆ,” ಎಂದು ಅಂಗಡಿಯವನು ಒಂದು ಇಡೀ ಗೋಡೆಯತ್ತ ಕೈ ತೋರಿದ. ಕಲಾವಿದನ ಕಣ್ಣು ಮಿನುಗಿತು, ಬಾಯಿ ತೆರೆಯಿತು.

“ಅದು,” ಎಂದಳು ಹೆಂಡತಿ, ಹತ್ತಿರದ್ದಕ್ಕೆ ಬೆರಳು ಮಾಡಿ.

“ಕೀಬೋರ್ಡು ಮೇಡಂ?”

“ಅದರ ಪಕ್ಕದ್ದು.”

“ಮೌಸು?”

ಗಂಡನ ಮುಖ ನೋಡಿ ಅವಳಿಗೆ ಅಯ್ಯೋ ಪಾಪ ಎನಿಸಿತು. “ಅದೊಂದನ್ನ ಇವರು ಆರಿಸ್ಲಿ,” ಎಂದು ಕುರ್ಚಿಯಲ್ಲಿ ಕುಳಿತಳು.

ಕಲಾವಿದ ಒಂದೊಂದನ್ನೇ ಅಂಗೈಯಲ್ಲಿ ತೂಗಿದ, ಗುಂಡಿ ಒತ್ತಿ ಕಿವಿಗೆ ಹಿಡಿದ, ಗಾಜಿನ ಮೇಲೆ, ಮರದ ಮೇಲೆ, ಪ್ಯಾಂಟಿನ ಮೇಲೆ ಓಡಿಸಿದ. ಹೆಂಡತಿಗೆ ಒಂದು ಜೊಂಪು ಹತ್ತಿ ಇಳಿಯಿತು. ಅಂಗಡಿಯವನು ಶಟರು ಅರ್ಧ ಎಳೆದು ಬಂದ. ಆಗ ಕೊನೆಗೂ ಕಲಾವಿದ ಒಂದನ್ನು ಎದೆಗೊತ್ತಿಕೊಂಡು ಘೋಷಿಸಿದ: “ಇದೇ! ಈ ಹಿಡಿತ, ಈ ತೂಕ, ಈ ನಯ! ಬೇರೆ ಯಾವುದೂ ಇದರ ಹತ್ತಿರ ಸುಳಿಯಲ್ಲ. ಇದನ್ನ ಪ್ಯಾಕ್ ಮಾಡಿ.”

ಅಂಗಡಿಯವನು ತಲೆ ಕೆರೆದುಕೊಂಡ.

“ಅದು ಮಾರಾಟಕ್ಕಿಲ್ಲ ಸರ್. ನಮ್ಮ ಬಿಲ್ಲು ಹಾಕೋ ಕಂಪ್ಯೂಟರಿನ ಮೌಸು. ಆಗಿಂದ ಹುಡುಕ್ತಾ ಇದ್ದೀನಿ. ಕೊಟ್ರೆ ನಿಮ್ಮ ಬಿಲ್ಲು ಹಾಕ್ತೀನಿ.”