ಹುಣಸೆಹಣ್ಣು ಕಟ್ಟಿಕೊಂಡು ಹೊರಟ ಎಡಿಷನ್

ನಾನು ಓದಿದ್ದು ಮೂರನೆಯ ಕ್ಲಾಸು. ಆದರೂ ಪುಸ್ತಕಗಳ ವಿಷಯದಲ್ಲಿ ನನಗಿದ್ದ ಜ್ಞಾನ ಬಲ್ಮಠದ ಕಾಲೇಜು ಮೇಷ್ಟ್ರುಗಳಿಗೂ ಇರಲಿಕ್ಕಿಲ್ಲ! ಕೂಳೂರಿನಲ್ಲಿ ನನ್ನದೊಂದು ಜಿನಸಿನ ಅಂಗಡಿ. ಯಾವ ಪುಸ್ತಕದ ಹಾಳೆ ಹುಣಸೆಹಣ್ಣಿಗೆ ತಡೆಯುತ್ತದೆ, ಯಾವುದು ಬೆಲ್ಲಕ್ಕೆ ಅಂಟುತ್ತದೆ, ಯಾವುದು ಸಾಸಿವೆಯನ್ನು ದಾರಿಯುದ್ದಕ್ಕೂ ಚೆಲ್ಲುತ್ತದೆ ಎಂದು ಮುಟ್ಟಿ ನೋಡಿಯೇ ಹೇಳುತ್ತಿದ್ದೆ. ಪ್ರತಿ ವರ್ಷ ಶಾಲೆ ಶುರುವಾಗುವಾಗ ಜನ "ಎಡಿಷನ್ ಬದಲಾಯಿತು" ಎನ್ನುತ್ತಾ ಹಳೆ ಪುಸ್ತಕಗಳನ್ನು ತಂದು ನನ್ನ ಅಂಗಡಿಗೆ ಸುರಿಯುತ್ತಿದ್ದರು. ಹಾಗಾಗಿ ನನಗೆ ಖಚಿತವಾಗಿ ತಿಳಿದಿದ್ದ ಇಂಗ್ಲಿಷ್ ಶಬ್ದ ಅದೊಂದೇ. ಹೊಸ ಎಡಿಷನ್ ಬಂದರೆ ಹಳೆಯದು ಪೊಟ್ಟಣ. ಮುಗಿಯಿತು!

ನನ್ನ ಮೊಮ್ಮಗಳು ಶೈಲ ಮತ್ತು ಪಕ್ಕದ ಮನೆಯ ಝೀನತ್ ಹತ್ತು ವರ್ಷದವರಿದ್ದಾಗಿನಿಂದ ಒಂದು ವಿಚಿತ್ರ ಆಟ ಆಡುತ್ತಿದ್ದರು. ಝೀನತ್‌ಳ ಮಾವ ಬಹರೈನಿನಿಂದ ತಂದ, ಆಟದ ನಿಯಮಗಳ ಒಂದು ದಪ್ಪ ಪುಸ್ತಕ, ಇಪ್ಪತ್ತು ಮುಖದ ಒಂದು ದಾಳ. ಝೀನತ್ ಕಥೆ ಹೇಳುವುದು, ಶೈಲ ಆ ಕಥೆಯೊಳಗೆ ಹೋಗಿ ಕತ್ತಿ ಬೀಸುವುದು, ಪೆಟ್ಟು ತಾಗಿತೋ ಇಲ್ಲವೋ ಎಂದು ದಾಳ ಹೇಳುವುದು.

"ಯಾರು ಗೆದ್ದದ್ದು?" ಎಂದು ನಾನು ಒಮ್ಮೆ ಕೇಳಿದ್ದೆ.

"ಇದರಲ್ಲಿ ಗೆಲ್ಲುವುದು ಅಂತ ಇಲ್ಲ ಅಜ್ಜಿ."

"ಮತ್ತೆ ಮುಗಿಯುವುದು ಯಾವಾಗ?"

"ಮುಗಿಯುವುದೂ ಇಲ್ಲ!"

ನಿಜವೇ. ಎಂಟು ವರ್ಷ ಮುಗಿಯಲಿಲ್ಲ. ಆದರೆ ಆ ವರ್ಷ ಝೀನತ್‌ಳ ಮನೆಯವರೆಲ್ಲ ಬಹರೈನಿಗೆ ಹೊರಟರು. ಮಂಗಳವಾರ ಪ್ರಯಾಣ, ಭಾನುವಾರ ಕೊನೆಯ ಆಟ. ಎಂಟು ವರ್ಷದ ಕಥೆಗೆ ಅಂದೇ ಮಂಗಳ ಹಾಡಬೇಕು ಎಂದು ಇಬ್ಬರೂ ತೀರ್ಮಾನಿಸಿದ್ದರು.

ಶುಕ್ರವಾರ ಸಂಜೆ ಶೈಲ ಕುಣಿಯುತ್ತಾ ಬಂದಳು. "ಅಜ್ಜೀ, ಝೀನತ್‌ನ ಮಾವ ನಮ್ಮ ಆಟದ ಪುಸ್ತಕದ ಹೊಸ ಎಡಿಷನ್ ತಂದಿದ್ದಾರೆ!"

ನನಗೂ ಸಂತೋಷವಾಯಿತು. ಸಂತೋಷವಾದಾಗ ನಾನು ಸುಮ್ಮನೆ ಕೂರುವವಳಲ್ಲ. ಹೊಸದಕ್ಕೆ ಮೊಮ್ಮಗಳ ಕಪಾಟಿನಲ್ಲಿ ಜಾಗ ಮಾಡಿಕೊಡೋಣವೆಂದು ಶನಿವಾರ ಬೆಳಿಗ್ಗೆ ಅಲ್ಲಿದ್ದ ಹಳೆ ಪುಸ್ತಕವನ್ನು ಅಂಗಡಿಗೆ ತಂದೆ. ಆಹಾ, ಎಂಥ ಕಾಗದ! ಹುಣಸೆಹಣ್ಣು ಕಟ್ಟಿದರೆ ಒಂದು ಹನಿ ಹೊರಗೆ ಬರಲಿಲ್ಲ! ಗಿರಾಕಿಗಳು ಹೊಗಳಿದರು. ನಾನು ಉಬ್ಬಿ ಇನ್ನಷ್ಟು ಹರಿದೆ. ಮಧ್ಯಾಹ್ನದೊಳಗೆ ನಲವತ್ತು ಹಾಳೆ ಖಾಲಿ!

ಊಟಕ್ಕೆ ಬಂದ ಶೈಲ ಕಪಾಟು ತೆರೆದು ಕೂಗಿದಳು. "ಅಜ್ಜೀ, ನಮ್ಮ ಪುಸ್ತಕ ಎಲ್ಲುಂಟು?"

"ಎಡಿಷನ್ ಬದಲಾಯಿತಲ್ಲ ಮಗಾ" ಎಂದೆ, ಬಹುಮಾನ ನಿರೀಕ್ಷಿಸುವವಳಂತೆ.

ಅವಳು ಅಲ್ಲೇ ನೆಲದ ಮೇಲೆ ಕುಳಿತಳು. "ಹೊಸದು ಬಂದ ಕೂಡಲೇ ಹಳೆಯದು ಸಾಯ್ತದಾ ಅಜ್ಜಿ? ನಾವು ಆಡುವಷ್ಟು ದಿನ ಅದು ಉಂಟು. ನಮ್ಮ ಕಾಡು, ನಮ್ಮ ಊರುಗಳು, ಸತ್ತವರ ಹೆಸರು, ಎಲ್ಲ ಅದರ ಅಂಚಿನಲ್ಲೇ ಬರೆದದ್ದು. ನಾಳೆ ಎಂತ ಆಡುವುದು ನಾವು?"

ಅವಳ ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. ಚಾವಡಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತಿದರು. "ನನ್ನ ಮದುವೆಯ ಕೋಟು ಎಲ್ಲುಂಟು ಅಂತ ಒಮ್ಮೆ ನೋಡು ಮಾರಾಯ್ತಿ. ಅದೂ ಹಳೆ ಎಡಿಷನ್."

ಚೀಲ ಹಿಡಿದು ಮನೆಮನೆಗೆ ಓಡಿದೆ. ಮೂವತ್ತು ವರ್ಷ ಸಾಮಾನು ಮಾರಿದವಳು ಅಂದು ಪೊಟ್ಟಣ ಭಿಕ್ಷೆಗೆ ಹೊರಟೆ! ಮೊದಲ ಮನೆ ಗುಲಾಬಿಯದು.

"ಆ ಹಾಳೆಯಾ? ಬಚ್ಚಲ ಒಲೆಗೆ ಹಾಕಿದೆ. ಎಷ್ಟು ಚಂದ ಉರಿಯಿತು ಅಕ್ಕ!"

ಮುಂದಿನ ಮನೆಯಲ್ಲಿ ಕೊಂಬಿನ ರಾಕ್ಷಸನ ಚಿತ್ರವನ್ನು ದೃಷ್ಟಿ ತಾಗದಿರಲೆಂದು ತೊಟ್ಟಿಲಿಗೆ ಕಟ್ಟಿದ್ದರು. ಬಿಚ್ಚಿದ್ದೇ ತಡ, ಮಗು ಕಿರುಚಿತು. ಮಗುವಿನ ತಾಯಿ ಅದಕ್ಕಿಂತ ಜೋರಾಗಿ ಕಿರುಚಿದಳು. ಬದಲಿಗೆ ಒಂದು ಸೇರು ಕಡಲೆ ಕೊಟ್ಟು ರಾಕ್ಷಸನನ್ನು ಬಿಡಿಸಿಕೊಂಡೆ.

ಝೀನತ್‌ಳ ಮನೆಗೂ ಬೆಳಿಗ್ಗೆ ಕೊತ್ತಂಬರಿ ಹೋಗಿತ್ತು. ಅವಳಿಗೆ ತಿಳಿಯದಂತೆ ಕೇಳಿ ಪಡೆಯೋಣವೆಂದು ಹಿತ್ತಲ ಬಾಗಿಲು ತಟ್ಟಿದೆ. ಬಾಗಿಲು ತೆರೆದವಳು ಝೀನತ್ತೇ! ಕೈಯಲ್ಲಿ ಕೊತ್ತಂಬರಿ ಕಟ್ಟಿದ ಹಾಳೆ.

"ಅಜ್ಜಿ, ಇದು ನಮ್ಮ ಕಾಡಲ್ಲವಾ?"

"ಹೌದು ಮಗಾ, ಕೊತ್ತಂಬರಿ ಅಲ್ಲೇ ಬೆಳೆದದ್ದು" ಎಂದುಬಿಟ್ಟೆ. ಅವಳು ನಗಲಿಲ್ಲ.

ಮೂವತ್ನಾಲ್ಕು ಹಾಳೆ ಸಿಕ್ಕಿತು. ಸುಕ್ಕು ಬಿಡಿಸೋಣವೆಂದು ಕೆಂಡದ ಇಸ್ತ್ರಿಪೆಟ್ಟಿಗೆ ಇಟ್ಟೆ. ಹುಣಸೆರಸ ಅಂಟಿಕೊಂಡು ಹಾಳೆಯಲ್ಲಿದ್ದ ಒಂದು ಕೋಟೆ ಪೆಟ್ಟಿಗೆಯ ಜತೆಗೇ ಎದ್ದು ಬಂತು! ಉಳಿದದ್ದನ್ನು ಗೋಣಿ ಹೊಲಿಯುವ ದಬ್ಬಳದಿಂದ ಭದ್ರವಾಗಿ ಹೊಲಿದೆ. ಎಷ್ಟು ಭದ್ರವೆಂದರೆ ಪುಸ್ತಕ ತೆರೆಯಲೇ ಇಲ್ಲ. ಬಿಚ್ಚಿ ಮತ್ತೆ ಹೊಲಿದೆ. ಈ ಸಲ ಅರ್ಧ ಪುಸ್ತಕ ತಲೆಕೆಳಗು!

ಭಾನುವಾರ ಅಪರಾಧಿಯಂತೆ ಅದನ್ನು ಇಬ್ಬರ ಮುಂದಿಟ್ಟೆ. ಝೀನತ್ ಮೆಣಸಿನ ವಾಸನೆಗೆ ಸೀನಿದಳು. ಶೈಲ ಪುಸ್ತಕವನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗು ಮಾಡಿ ನೋಡಿದಳು. ಮತ್ತೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಹೋದ ಹಾಳೆಗಳಲ್ಲಿದ್ದದ್ದು ಇಬ್ಬರಿಗೂ ಬಾಯಿಪಾಠವಿತ್ತು. ನನ್ನ ಮಕ್ಕಳೇ, ಇದನ್ನು ಮೊದಲೇ ಹೇಳಬಾರದಿತ್ತೇ!

"ಈ ಪುಸ್ತಕ ನಾನೇ ಕೊಂಡುಹೋಗ್ತೇನೆ" ಎಂದಳು ಝೀನತ್. "ಹೊಸದು ಶೈಲನಿಗಿರಲಿ. ಬಹರೈನಿನಲ್ಲಿ ಇದನ್ನು ಮೂಸಿದರೆ ನಿಮ್ಮ ಅಂಗಡಿಯ ನೆನಪಾಗ್ತದೆ ಅಜ್ಜಿ."

ಬೈದು ಅಟ್ಟಬೇಕಾದ ಮುದುಕಿಯನ್ನು ಆ ಮಕ್ಕಳು ಕೈಹಿಡಿದು ನಡುವೆ ಕೂರಿಸಿಕೊಂಡರು. ನಾನೂ ಆಡಬೇಕಂತೆ! ಅಂಥ ಮಕ್ಕಳನ್ನು ಪಡೆಯಲು ನಾನೇನು ಪುಣ್ಯ ಮಾಡಿದ್ದೆನೋ. ಆ ಸಂತೋಷ ಇಂದಿಗೂ ನನ್ನ ಎದೆಯಲ್ಲಿ ಹಿಡಿಸುವುದಿಲ್ಲ.

"ಅಜ್ಜಿ, ಎದುರಿಗೆ ಬೆಂಕಿ ಉಗುಳುವ ಸರ್ಪ. ಎಂತ ಮಾಡ್ತೀರಿ?" ಎಂದು ಝೀನತ್ ಕೇಳಿದಳು.

"ಎಂತ ಬೇಕು ಅಂತ ಕೇಳ್ತೇನೆ" ಎಂದೆ. ಅಂಗಡಿ ಬಾಗಿಲಿಗೆ ಬಂದವರನ್ನು ನಾನು ಕೇಳುವುದೇ ಹಾಗೆ.

ದಾಳ ಹಾಕಿಸಿದರು. ಇಪ್ಪತ್ತು ಮುಖಗಳಲ್ಲಿ ನನಗೆ ಬಿದ್ದದ್ದು ಒಂದು, ಎಲ್ಲಕ್ಕಿಂತ ಕೆಟ್ಟ ಸಂಖ್ಯೆಯಂತೆ. ಸರ್ಪ ನನ್ನನ್ನು ಒಂದೇ ತುತ್ತಿಗೆ ನುಂಗಿತು. ಅವರು ಎಂಟು ವರ್ಷ ಬದುಕಿದ್ದ ಕಥೆಯಲ್ಲಿ ನಾನು ಬದುಕಿದ್ದು ಒಂದು ಗ್ಲಾಸು ಚಹಾ ಆರುವಷ್ಟು ಹೊತ್ತು.

ಯಜಮಾನರು ಪೇಪರ್ ಮಡಚಿಟ್ಟು ಕೇಳಿದರು. "ಸತ್ತಾಯಿತಾ? ಹಾಗಾದ್ರೆ ಎದ್ದು ಬಡಿಸು."