ಮಾವ ಕೋವಿ ಆರಿಸುತ್ತಿದ್ದಾರೆ

ನಮ್ಮ ಮನೆಯ ಶನಿವಾರಗಳನ್ನು ಹಾಳು ಮಾಡಿದವರು ಇಬ್ಬರು ನಿವೃತ್ತ ವೈದ್ಯರು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯ ನನಗೆ ಕಾಣುತ್ತಿಲ್ಲ. ಒಬ್ಬರು ನನ್ನ ಸೋದರಮಾವ. ಜೀವಮಾನವಿಡೀ ನೈರೋಬಿಯ ಜನರ ಎದೆಗೆ ಕಿವಿಗೊಟ್ಟ ಶ್ವಾಸಕೋಶ ತಜ್ಞರು. ಇನ್ನೊಬ್ಬರು ಮೈಸೂರಿನ ಹಾಸ್ಟೆಲಿನಲ್ಲಿ ಅವರ ಕೋಣೆಯಲ್ಲೇ ಇದ್ದ ಗೆಳೆಯರು, ಈಗ ಅಮೆರಿಕದಲ್ಲಿದ್ದಾರೆ. ಇವರಿಬ್ಬರೂ ಫೋನಿನಲ್ಲಿ ಕೂತು, ಜಿಂಕೆ ಬೇಟೆಗೆಂದು ಒಂದು ಕೋವಿಯನ್ನೂ ಗುರಿ ನೋಡಲು ಅದರ ಮೇಲೆ ಕೂರಿಸುವ ಸ್ಕೋಪನ್ನೂ ಆರಿಸುತ್ತಿದ್ದಾರೆ. ನೈರೋಬಿಯ ಅಪ್ಪರ್ ಹಿಲ್‌ನಲ್ಲಿ ಕೆಲಸಕ್ಕೆ ಸೇರಿ ನಾನು ರುಂಡಾ ಬಡಾವಣೆಯ ಮಾವನ ಮನೆಗೆ ಬಂದ ದಿನವೂ ಆರಿಸುತ್ತಿದ್ದರು. ಅಲ್ಲಿಂದ ಈಚೆಗೆ ಸರ್ಕಾರದವರು ಈ ಊರಿನ ನೆತ್ತಿಯ ಮೇಲೆ ಕಂಬ ನೆಟ್ಟು ಒಂದು ಹೆದ್ದಾರಿಯನ್ನೇ ಕಟ್ಟಿ ಮುಗಿಸಿದರು. ಕೋವಿ ಮಾತ್ರ ಇನ್ನೂ ತೀರ್ಮಾನವಾಗಿಲ್ಲ!

ಕೆನ್ಯಾದಲ್ಲಿ ಬೇಟೆ ನಿಷಿದ್ಧ. ನಾನು ಹುಟ್ಟುವ ಮೊದಲೇ ಬಂದ ಕಾನೂನು ಅದು. ಮಾವನಾದರೋ ಕೇಕಿನಲ್ಲಿ ಮೊಟ್ಟೆಯಿದೆಯೇ ಎಂದು ಬೇಕರಿಯವರನ್ನು ಪಾಟೀಸವಾಲಿಗೆ ಒಳಪಡಿಸುವ ಸಸ್ಯಾಹಾರಿ. ಹಾಗಿದ್ದರೆ ಕೋವಿ ಯಾರಿಗೆ? "ಒಂದ್ಸಲ ಬಾರೋ, ಜಿಂಕೆ ಬೇಟೆಗೆ ಹೋಗೋಣ" ಎಂದು ಗೆಳೆಯರು ಎಂದೋ ಕರೆದಿದ್ದಾರೆ. ಅವರಿರುವ ಕಡೆ ಬಯಲು ಹೆಚ್ಚಾದ್ದರಿಂದ ಜಿಂಕೆಗೆ ರೈಫಲ್ ಬಳಸುವಂತಿಲ್ಲವಂತೆ. ಗುಂಡು ಮೈಲಿಗಟ್ಟಲೆ ಹಾರಿ ಯಾರದೋ ಅಡುಗೆಮನೆ ಹೊಕ್ಕೀತು. ಆದ್ದರಿಂದ ಶಾಟ್‌ಗನ್ನು, ಅದಕ್ಕೆ ಸ್ಲಗ್ಗು. ಸ್ಲಗ್ ಎಂದರೆ ಚದುರಿ ಹೋಗುವ ಚರೆಯಲ್ಲ, ದಪ್ಪನೆಯ ಒಂಟಿ ಗುಂಡು. ಯುಗಾದಿಗೆ ಒಟ್ಟಾಗಿ ಹೋಳಿಗೆ ತಟ್ಟುತ್ತಿದ್ದ ಕನ್ನಡದ ಹೆಂಗಸರಿಗೆ ಮಾವ ಇದನ್ನು ಹೂರಣದ ಉಂಡೆ ಎತ್ತಿ ಹಿಡಿದು ವಿವರಿಸಿದರು. ಆ ವರ್ಷ ಹೋಳಿಗೆ ಯಾರ ಗಂಟಲಲ್ಲೂ ಸಲೀಸಾಗಿ ಇಳಿಯಲಿಲ್ಲ.

ವಿವಾದವಾದರೂ ಏನು? ನಳಿಗೆಯ ಒಳಗೆ ಸುರುಳಿ ಗೀರುಗಳಿರಬೇಕೋ, ನುಣುಪಾಗಿರಬೇಕೋ? ಗಾತ್ರ, ಅಂದರೆ ಗೇಜ್, ಹನ್ನೆರಡೋ, ಇಪ್ಪತ್ತೋ? (ಇಪ್ಪತ್ತೇ ಸಣ್ಣದಂತೆ, ಈ ಲೆಕ್ಕ ಹಾಕಿದ ಮಹಾನುಭಾವನಿಗೆ ನಮಸ್ಕಾರ!) ಸ್ಕೋಪು ನಳಿಗೆಯ ಬೆನ್ನಿಗೋ, ಕೋವಿಯ ಮೈಗೋ? ಗೆಳೆಯರು ಹನ್ನೆರಡೆಂದರೆ ಮಾವ ಇಪ್ಪತ್ತು. ಅವರು ಸೋತು ಇಪ್ಪತ್ತಕ್ಕೆ ಒಪ್ಪಿದ ಮರುವಾರವೇ ಮಾವ ಹನ್ನೆರಡರ ಪಕ್ಷ ಸೇರಿದ್ದರು. ಇಷ್ಟು ನಿರ್ಲಜ್ಜ ಪಕ್ಷಾಂತರವನ್ನು ನಾನು ವಿಧಾನಸಭೆಯಲ್ಲೂ ಕಂಡಿಲ್ಲ.

ಪ್ರಯೋಗಗಳೂ ನಡೆದವು. ಸ್ಲಗ್ ಹಾರಿದಾಗ ಕೋವಿ ಜೋರಾಗಿ ಒದೆಯುತ್ತದೆ. ಕಣ್ಣು ಸ್ಕೋಪಿಗೆ ತೀರಾ ಹತ್ತಿರವಿದ್ದರೆ ಹುಬ್ಬು ಸೀಳುತ್ತದೆ. ಎಷ್ಟು ದೂರವಿರಬೇಕೆಂದು ತಿಳಿಯಲು ಮಾವ ಅತ್ತೆ ನೆಲ ಒರೆಸುವ ಮಾಪಿನ ಕೋಲಿಗೆ, ಪಾರ್ಕಿನಲ್ಲಿ ಪ್ರಾಣಿ ನೋಡುವ ದುರ್ಬೀನನ್ನು ಆಸ್ಪತ್ರೆಯ ಪ್ಲಾಸ್ಟರಿನಿಂದ ಬಿಗಿದರು. ಬಾಲ್ಕನಿಯಲ್ಲಿ ಅವರು ಗುರಿ ಹಿಡಿಯುವುದು. ನಾನು ಎದುರು ನಿಂತು ಕೋಲನ್ನು ಥಟ್ಟನೆ ತಳ್ಳುವುದು. ತಳ್ಳಿದೆ. ಹುಬ್ಬು ಊದಿಕೊಂಡು ವಿಜ್ಞಾನ ಸಾಬೀತಾಯಿತು. ಅಷ್ಟರಲ್ಲಿ ಎದುರುಮನೆಯ ವಿದೇಶಿ ಮಹಿಳೆಗೆ, ಹುಡುಗಿಯೊಬ್ಬಳನ್ನು ಕೋವಿಯ ಬಾಯಿಗೆ ನಿಲ್ಲಿಸಿಕೊಂಡ ಮುದುಕ ಕಂಡುಬಿಟ್ಟಿದ್ದ! ಭದ್ರತಾ ಕಂಪನಿಯ ಗಾಡಿ ಸೈರನ್ ಹಾಕಿಕೊಂಡು ಬಂತು. ನಮ್ಮ ಗೇಟು ಕಾಯುವ ಅಸ್ಕಾರಿ, ಅದು ಡಾಕ್ಟರರು ನೆಲ ಒರೆಸುವ ಕೋಲೆಂದು ಅವರಿಗೆ ಸ್ವಾಹಿಲಿಯಲ್ಲಿ ಆಣೆ ಮಾಡಿ ಹೇಳುತ್ತಿದ್ದ. ಅತ್ತೆ ಒಳಗಿನಿಂದ ಬಂದು ಮಾವನಿಗೆ ಅಂದದ್ದು ಇಷ್ಟೇ: "ಮೊದ್ಲು ನನ್ನ ಮಾಪ್ ಕೊಡಿ. ಆಮೇಲೆ ಬೇಕಾದ್ರೆ ಅರೆಸ್ಟ್ ಆಗಿ."

ಹೀಗಿರಲು, ಹೋದ ಶನಿವಾರ ಸಂಜೆ ನಾನೇ ನ್ಯಾಯಾಧೀಶಳಾದೆ. ಫೋನಿನ ಸ್ಪೀಕರ್ ಹಾಕಿಕೊಂಡು ವಾದ ನಡೆದಿತ್ತು. ನಡುವೆ ಬಾಯಿ ಹಾಕಿದೆ: "ಅಂಕಲ್, ಗೇಜ್ ಇಪ್ಪತ್ತು, ಗೀರಿನ ನಳಿಗೆ, ಸ್ಕೋಪ್ ಅದರ ಮೇಲೇ, ಪವರ್ ಕಮ್ಮಿ ಇರೋದು. ಡಿಸೈಡ್ ಆಯ್ತು."

ಅತ್ತಲಿಂದ ನಗು ಬಂತು, ನಗುವಿನ ಬೆನ್ನಿಗೆ ಕೆಮ್ಮು. "ಸರಿ ಕಣಮ್ಮ. ಹಾಗಾದ್ರೆ ಫೋನ್ ಇಡ್ಲಾ?"

ಮಾವ ಫೋನನ್ನು ತಮ್ಮೆಡೆಗೆ ಎಳೆದುಕೊಂಡರು. "ಇಡಬೇಡ ಕಣೋ. ಇವಳಿಗೇನು ಗೊತ್ತು? ಗೀರು ಯಾಕೆ ಬೇಕು, ಮೊದ್ಲಿಂದ ಹೇಳು."

ಗೆಳೆಯರು ಮೊದಲಿನಿಂದ ಹೇಳತೊಡಗಿದರು: ಗೀರುಗಳಿದ್ದರೆ ಗುಂಡು ತಿರುಗುತ್ತ ಹೋಗುತ್ತದೆ, ತಿರುಗಿದರೆ ದಾರಿ ತಪ್ಪುವುದಿಲ್ಲ. ಸಾವಿರ ಸಲ ಕೇಳಿದ ಪುರಾಣ. ನಾನು ಮಾವನ ಮುಖ ನೋಡಿದೆ. ಕಣ್ಣು ಮುಚ್ಚಿತ್ತು, ಕತ್ತು ಒಂದು ಕಡೆ ವಾಲಿತ್ತು. ಅವರು ಮಾತನ್ನು ಕೇಳಿಸಿಕೊಳ್ಳುತ್ತಿರಲೇ ಇಲ್ಲ. ಮಾತಿನ ನಡುವೆ ಗೆಳೆಯರು ಉಸಿರಿಗಾಗಿ ನಿಂತಲ್ಲೆಲ್ಲ ಮಾವನ ಹುಬ್ಬು ಗಂಟಾಗುತ್ತಿತ್ತು.

ಕರೆ ಮುಗಿದ ಮೇಲೆ ಯಾಕೆಂದು ಕೇಳಿದೆ. "ಹೋದ ತಿಂಗಳು ಇದನ್ನೆಲ್ಲ ಒಂದೇ ಉಸಿರಲ್ಲಿ ಹೇಳ್ದ ಕಣಮ್ಮ. ಇವತ್ತು ಎಷ್ಟು ಕಡೆ ನಿಂತ ನೋಡು" ಎಂದರು. ಫೋನನ್ನು ಚಾರ್ಜಿಗೆ ಹಾಕುತ್ತ, "ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅಂತಾನೆ, ಅಷ್ಟೇ. ಕೋವಿ ಅಂದ್ರೆ ಉದ್ದಕ್ಕೆ ಮಾತಾಡ್ತಾನೆ."

"ಹೋಗಿ ನೋಡ್ಕೊಂಡು ಬನ್ನಿ, ಮಾವ."

"ಹೋಗೋಣ. ಕೋವಿ ಒಂದು ತೀರ್ಮಾನ ಆಗ್ಲಿ."

ಈ ಉತ್ತರವನ್ನು ನಾನು ಸ್ವೀಕರಿಸುವುದಿಲ್ಲ. ಆದ್ದರಿಂದ ಓದುಗರ ಸಮಕ್ಷಮದಲ್ಲಿ ನನ್ನ ಮನವಿ ಹೀಗಿದೆ. ಅಮೆರಿಕದ ಅಂಕಲ್, ಚೆನ್ನಾಗಿದ್ದೇನೆ ಎಂಬ ತಮ್ಮ ಹೇಳಿಕೆಯನ್ನು ತಾವು ಕೂಡಲೇ ಹಿಂಪಡೆಯಬೇಕು. ಮಾನ್ಯ ಮಾವನವರೇ, ತಾವು ಈ ಚಳಿಗಾಲದಲ್ಲೇ ಬರಿಗೈಯಲ್ಲಿ ಹೊರಡಬೇಕು. ಅಲ್ಲಿ ಅವರ ಅಂಗಿಯ ಗುಂಡಿ ಬಿಚ್ಚಿಸಿ, ಬೆನ್ನಿಗೆ ಕಿವಿಯಿಟ್ಟು, ಕೇಳಲು ತಾವು ಅಂಜುತ್ತಿರುವುದನ್ನು ಕೇಳಿಸಿಕೊಳ್ಳಬೇಕು. ಹನ್ನೆರಡೋ ಇಪ್ಪತ್ತೋ ಎಂಬ ಜಗಳವನ್ನು ಅವರ ಮಂಚದ ಮೇಲೆ ಕೂತು ಮುಂದುವರಿಸಲು ನನ್ನ ಅಭ್ಯಂತರವೇನೂ ಇಲ್ಲ. ಅವರು ದಣಿದಾಗ ಅವರ ಪಕ್ಷವನ್ನೂ ತಾವೇ ವಾದಿಸಿ. ಹೊರಡುತ್ತೀರೋ ಇಲ್ಲವೋ? ಈ ಶನಿವಾರದ ಕರೆಗೆ ಮುಂಚೆ ತಿಳಿಸಬೇಕಾಗಿ ವಿನಂತಿ.