ದಮ್ಮಿದ್ದರೆ ಊರಿನ ಹೆಸರು ಹೇಳಿ

ಕ್ರೀಡೆಯಿಂದ ಊರು ಉದ್ಧಾರವಾಗುತ್ತದೆ ಎಂದು ಭಾಷಣ ಬಿಗಿಯುವವರೆಲ್ಲ ಒಮ್ಮೆ ನಮ್ಮ ಚಿಕ್ಕಪ್ಪನ ಕಬಡ್ಡಿ ಲೀಗು ನೋಡಬೇಕಿತ್ತು. ಜೀವಮಾನದಲ್ಲಿ ಕಬಡ್ಡಿ ಆಡದ, ನಾಲ್ಕು ಹೆಜ್ಜೆ ಓಡಿದರೆ ಪಂಚೆ ಬಿಚ್ಚಿಕೊಳ್ಳುವ ಆಸಾಮಿ! ತೊಂಬತ್ತರ ದಶಕದಲ್ಲಿ ಕೊರಳಿಗೊಂದು ವಿಷಲ್ಲು ನೇತುಹಾಕಿಕೊಂಡು, ಸುತ್ತಲ ಹುಡುಗರನ್ನೆಲ್ಲ ಬೂಕನಕೆರೆಯ ನಮ್ಮ ಕಣಕ್ಕೆ ಸೇರಿಸುತ್ತಿದ್ದ.

ಊರಿಗಾದ ಲಾಭ ಒಂದೆರಡೇ? ಮೂಳೆ ಕಟ್ಟುವವನ ಮನೆಗೆ ಹೊಸ ಹೆಂಚು ಬಂತು. ಹುಡುಗರು ಬೀಡಿ ಬಿಟ್ಟರು, ದಮ್ಮು ಸಾಲಬೇಕಲ್ಲ. ಯಾಕೆಂದರೆ ಚಿಕ್ಕಪ್ಪನ ಲೀಗಿನಲ್ಲಿ ‘ಕಬಡ್ಡಿ ಕಬಡ್ಡಿ’ ಅನ್ನುವಂತಿರಲಿಲ್ಲ. ಎದುರಾಳಿಗಳ ಊರಿನ ಹೆಸರನ್ನೇ ಒಂದೇ ಉಸಿರಿನಲ್ಲಿ ಹೇಳುತ್ತ ನುಗ್ಗಬೇಕು.

“ಇದ್ಯಾವ ಕಾನೂನಣ್ಣ?” ಎಂದರು ಗಂಜಾಮಿನ ಹುಡುಗರು.

“ಇನ್ನೊಂದೂರ್ ಎಸ್ರು ಬಾಯಲ್ ಬಂದ್ರೆ ನಿಮ್ಮಪ್ಪನ್ ಗಂಟೇನ್ ಓಯ್ತದ್ಲಾ?”

ಅವರ ಸಂಕಟ ನ್ಯಾಯವಾದದ್ದೇ. ಎರಡಕ್ಷರದ ಗಂಜಾಂ ಮೇಲೆ ಗೂರಲು ರೋಗಿಯೂ ನುಗ್ಗಿ ಬರುತ್ತಿದ್ದ. ಕೆ.ಆರ್. ಪೇಟೆಯವರ ಎದುರು ಮಾತ್ರ ಪೂರ್ತಿ ‘ಕೃಷ್ಣರಾಜಪೇಟೆ’ ಅನ್ನಬೇಕೆಂದು ಚಿಕ್ಕಪ್ಪನ ಹಟ. ನಾಲ್ಕನೇ ಸಲಕ್ಕೆ ನಾಲಿಗೆ ಹೊರಳದೆ ಎಲ್ಲರೂ ಔಟು. ಪೇಟೆಯವರು ಮೂರು ವರ್ಷ ನಿಂತಲ್ಲೇ ನಿಂತು ಕಪ್ ಗೆದ್ದರು.

ಚಿಕ್ಕಪ್ಪನ ತಲೆ ಕೆಟ್ಟಿದೆ ಎಂದು ನಾವೆಲ್ಲ ತೀರ್ಮಾನಿಸಿದ್ದೆವು. ಆದರೆ ತಾತನ ಕಾನೂನೇನು ಕಡಿಮೆಯೇ? ಚಿಕ್ಕಪ್ಪನ ತಂಗಿ, ಅಂದರೆ ನಮ್ಮ ಅತ್ತೆ, ತಾನೇ ಮೆಚ್ಚಿದವನನ್ನು ಕಟ್ಟಿಕೊಂಡು ಮಾಕವಳ್ಳಿ ಸೇರಿದ್ದಳು. ಅಂದಿನಿಂದ ಆ ಊರಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ನಮ್ಮ ಕಬ್ಬು ಅರೆಯುತ್ತಿದ್ದದ್ದೇ ಮಾಕವಳ್ಳಿಯಲ್ಲಿ. ತಾತ ಮಾತ್ರ ಆರು ವರ್ಷ “ಆ ಕಡೀಕ್ ಗಾಡಿ ಓಯ್ತಾ?” ಎಂದೇ ಕೇಳಿದ. ಅತ್ತೆಗೆ ಮಗಳು ಹುಟ್ಟಿದರೂ ನೋಡಲು ಹೋಗಲಿಲ್ಲ.

ಚಿಕ್ಕಪ್ಪ ಮೂರು ವರ್ಷ ಕರೆದ ಮೇಲೆ, ನಾಲ್ಕನೇ ವರ್ಷ ಮಾಕವಳ್ಳಿಯ ತಂಡ ಟ್ರಾಕ್ಟರ್ ಹತ್ತಿ ಬಂತು. ನಮ್ಮೂರವನು ನುಗ್ಗಿ, ಇಬ್ಬರನ್ನು ಮುಟ್ಟಿ ಹಿಂದಿರುಗುವಾಗ ಕಾಲು ಹಿಡಿದು ಕೆಡವಿದರು. ಗೆರೆ ಇನ್ನು ಗೇಣು ದೂರ, ಅವನ ದಮ್ಮು ಕಟ್ಟಿತು. ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕಲ್ಲಿನ ಮೇಲೆ ಕೂತಿದ್ದ ತಾತ ಎದ್ದು ನಿಂತ.

“ನಿಲ್ಲುಸ್ಬ್ಯಾಡ ಕಣ್ಲಾ! ಅನ್ಲಾ, ಮಾಕವಳ್ಳಿ ಅನ್ಲಾ, ಮಾಕವಳ್ಳಿ, ಮಾಕವಳ್ಳಿ...”

ಕಣವೆಲ್ಲ ತಾತನ ಕಡೆ ತಿರುಗಿತು. ಹುಡುಗ ಗೆರೆ ಮುಟ್ಟಿದನೋ ಇಲ್ಲವೋ, ಯಾರೂ ನೋಡಲಿಲ್ಲ. ತೀರ್ಪು ಹೇಳಬೇಕಾದ ಚಿಕ್ಕಪ್ಪ ವಿಷಲ್ಲು ಬಾಯಲ್ಲಿಟ್ಟುಕೊಂಡೇ ಅಳುತ್ತಿದ್ದ. ಒಂದೊಂದು ಬಿಕ್ಕಿಗೂ ಅದು ಸಣ್ಣಗೆ ಪೀ ಎನ್ನುತ್ತಿತ್ತು. ಅವನನ್ನು ಅಷ್ಟು ವರ್ಷ ನೋಡಿ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ತಾತ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಆಟ ಮುಗುದ್ ಮ್ಯಾಕೆ, ಆ ಐಕ್ಳ ಟ್ರಾಕ್ಟರಲ್ಲಿ ನಂಗೊಂದ್ ಜಾಗ ಅದಾ ಕೇಳ್ಲಾ” ಎಂದ ಚಿಕ್ಕಪ್ಪನಿಗೆ. “ಕೂಸ್ನ ನೋಡ್ಕಂಡ್ ಬತ್ತೀನಿ.”